‘ಮನೆ ಬಿಡು’ ಅಂತ ಕೇಳಲು ಹನ್ನೊಂದು ವಾರ: ಒಂದು ರೂಮ್‌ಮೇಟ್ ಪ್ರಕರಣ

ಇಬ್ಬರು ಗೆಳತಿಯರು ಒಂದೇ ಮನೆಯಲ್ಲಿದ್ದರು. ಒಬ್ಬಳು ಇನ್ನೊಬ್ಬಳಿಗೆ ಮನೆ ಬಿಡು ಅಂತ ಹೇಳಬೇಕಾಗಿ ಬಂತು. ಹೇಳಬೇಕು ಅಂತ ಮನಸ್ಸಿಗೆ ಬಂದ ರಾತ್ರಿಯಿಂದ ಬಾಯಿಬಿಟ್ಟು ಹೇಳಿದ ಬೆಳಗಿನವರೆಗೆ 11 ವಾರ ಹಿಡಿಯಿತು. ಹೇಳಿದ ಮೇಲೆ ಆದ ಜಗಳಕ್ಕಿಂತ ಆ ಹನ್ನೊಂದು ವಾರದಲ್ಲಿ ಕೆಟ್ಟದ್ದೇ ಜಾಸ್ತಿ. ಅದಕ್ಕೇ ಇದನ್ನು ಪೂರ್ತಿ ಬರೆದಿಡೋಣ ಅನ್ನಿಸಿತು.

ನಾನು ಇಬ್ಬರಿಗೂ ಪರಿಚಯ. ಕೊನೆಯ ಹಂತದಲ್ಲಿ ನಡುವೆ ಕೂತವನೂ ನಾನೇ. ಬರೆಯುತ್ತೇನೆ ಅಂತ ಇಬ್ಬರಿಗೂ ಹೇಳಿದ್ದೇನೆ, ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಬೇಡ, ದೊಡ್ಡ ರೂಮಿನವಳು ಮತ್ತು ಚಿಕ್ಕ ರೂಮಿನವಳು ಅಂತ ಕರೆಯೋಣ.

ಮನೆ, ಬಾಡಿಗೆ, ಸಹಿ

ಎರಡು ರೂಮು, ಒಂದು ಹಾಲ್, ಒಂದು ಅಡುಗೆಮನೆ. ದೊಡ್ಡ ರೂಮಿನವಳು ಬಾಡಿಗೆಯಲ್ಲಿ ನೂರಕ್ಕೆ 60 ಕೊಡುತ್ತಿದ್ದಳು, ಚಿಕ್ಕ ರೂಮಿನವಳು 40. ಅಡ್ವಾನ್ಸ್ ಕೂಡ ಇದೇ ಲೆಕ್ಕದಲ್ಲಿ ಹಾಕಿದ್ದರು. ಕರೆಂಟು, ನೀರು, ಇಂಟರ್ನೆಟ್ ಮಾತ್ರ ಸಮಪಾಲು. ಅಗ್ರಿಮೆಂಟ್ ಎರಡು ವರ್ಷದ್ದು. ಅದರಲ್ಲಿ ಇಬ್ಬರ ಸಹಿಯೂ ಇತ್ತು. ಈ ಸಹಿಯ ವಿಷಯ ನೆನಪಿರಲಿ, ಮುಂದೆ ಬರುತ್ತೆ.

ಮೊದಲ ಹತ್ತು ತಿಂಗಳು ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಇಬ್ಬರೂ ಸೇರಿ ಅರ್ಧರ್ಧ ದುಡ್ಡು ಹಾಕಿ ವಾಷಿಂಗ್ ಮೆಷಿನ್ ತಗೊಂಡರು. ಅಷ್ಟು ಚೆನ್ನಾಗಿಯೇ ಇದ್ದರು.

‘ಪರವಾಗಿಲ್ಲ ಬಿಡೇ’

ಹನ್ನೊಂದನೇ ತಿಂಗಳು ಚಿಕ್ಕ ರೂಮಿನವಳ ತಮ್ಮ ಬಂದ. ಪರೀಕ್ಷೆ ಇದೆ, ಎರಡು ವಾರ ಇರುತ್ತಾನೆ ಅಂತ ಮಾತು. ಹಾಲ್‌ನ ಸೋಫಾ ಅವನ ಹಾಸಿಗೆಯಾಯಿತು. ಪರೀಕ್ಷೆ ಮುಂದಕ್ಕೆ ಹೋಯಿತು. ಅವನು ಹೋಗಲಿಲ್ಲ.

ಹುಡುಗ ಕೆಟ್ಟವನಲ್ಲ. ಗಲಾಟೆ ಇಲ್ಲ, ಸುಮ್ನೆ ಓದಿಕೊಂಡಿರುತ್ತಿದ್ದ. ಆದರೆ ದೊಡ್ಡ ರೂಮಿನವಳು ಬೆಳಗ್ಗೆ ಆರೂವರೆಗೆ ಕೆಲಸಕ್ಕೆ ಹೊರಡುವವಳು. ಹಾಲ್‌ನಲ್ಲಿ ಒಬ್ಬ ಮಲಗಿದ್ದಾನೆ ಅಂತ ಲೈಟ್ ಹಾಕುತ್ತಿರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಚಪ್ಪಲಿ ಹುಡುಕಿ, ಬಾಗಿಲ ಚಿಲಕ ಸದ್ದಾಗದ ಹಾಗೆ ತೆಗೆದು, ಮೆಟ್ಟಿಲ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ‘ಅರ್ಧಕ್ಕಿಂತ ಜಾಸ್ತಿ ಬಾಡಿಗೆ ಕೊಟ್ಟು ನಮ್ಮನೇಲೇ ಕಳ್ಳಿ ಥರ ನಡೀತೀನಿ’ ಅಂತ ನನ್ನ ಹತ್ತಿರ ಹೇಳಿದಳು. ನಗುತ್ತಾ ಹೇಳಿದಳು, ಆದರೆ ಅದು ನಗುವ ವಿಷಯವಾಗಿರಲಿಲ್ಲ.

ಇದರ ಜೊತೆಗೆ ಬಾಡಿಗೆ. ಒಂದನೇ ತಾರೀಕು ದೊಡ್ಡ ರೂಮಿನವಳು ಪೂರ್ತಿ ಕಟ್ಟಿಬಿಡುತ್ತಿದ್ದಳು. ಚಿಕ್ಕ ರೂಮಿನವಳ ಪಾಲು 10ನೇ ತಾರೀಕು, 14, ಒಂದು ಸಲ 19ಕ್ಕೆ ಬಂತು. ಕೊಡದೇ ಇರಲಿಲ್ಲ. ಆದರೆ ಪ್ರತಿ ಸಲವೂ ಕೇಳಿಸಿಕೊಂಡೇ ಕೊಡುವುದು. ಸಾಲಗಾರಳನ್ನು ಕೇಳಿದ ಹಾಗೆ ಗೆಳತಿಯನ್ನು ಪ್ರತಿ ತಿಂಗಳು ಕೇಳುವುದಿದೆಯಲ್ಲ, ಅದು ಕೇಳುವವಳನ್ನೇ ಚಿಕ್ಕದು ಮಾಡುತ್ತೆ. ಇನ್ನು ಮೂರು ಜನ ಇದ್ದ ಮನೆಯ ಕರೆಂಟ್ ಬಿಲ್ ಎರಡೇ ಭಾಗ ಆಗುತ್ತಿತ್ತು.

ಮೂರನೇ ವಾರ ಚಿಕ್ಕ ರೂಮಿನವಳು ತಾನಾಗಿಯೇ ಕೇಳಿದಳು: ‘ಅವನು ಇನ್ನೊಂದು ಸ್ವಲ್ಪ ದಿನ ಇದ್ರೆ ನಿಂಗೇನೂ ತೊಂದ್ರೆ ಇಲ್ವಲ್ಲ?’

ದೊಡ್ಡ ರೂಮಿನವಳು ಅಂದಳು: ‘ಅಯ್ಯೋ, ಪರವಾಗಿಲ್ಲ ಬಿಡೇ.’

ಇನ್ನು ಇವಳ ಜೊತೆ ಇರೋಕಾಗಲ್ಲ ಅಂತ ಅವಳು ತೀರ್ಮಾನ ಮಾಡಿದ್ದು ಅದೇ ರಾತ್ರಿ. ಮೊದಲನೇ ತಿರುವು ಇದೇ ಅಂತ ನನ್ನ ಲೆಕ್ಕ. ಎದುರಿನವಳು ಬಾಗಿಲು ತೆರೆದಿದ್ದಳು. ಅವತ್ತು ‘ಇನ್ನೊಂದು ವಾರ ಸಾಕು ಕಣೇ’ ಅಂದಿದ್ದರೆ ವಿಷಯ ಸೋಫಾಗೇ ಮುಗಿಯುತ್ತಿತ್ತೇನೋ. ಮನೆ ಬಿಡುವ ಮಾತಿನವರೆಗೆ ಬರುತ್ತಿರಲಿಲ್ಲ.

ಚೀಟಿ, ಮೆಸೇಜು, ಪಾಸ್‌ವರ್ಡ್

ಮೊದಲು ಚೀಟಿ ಬಂತು. ಫ್ರಿಜ್ ಮೇಲೆ ‘ದಯವಿಟ್ಟು ಹಾಲ್ ಲೈಟ್ ಆರಿಸಿ’. ಆಮೇಲೆ ‘ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕಬೇಡಿ’. ಹತ್ತು ತಿಂಗಳು ‘ಕಣೇ, ಬಾರೇ’ ಅಂತಿದ್ದವಳು ಚೀಟಿಯಲ್ಲಿ ಬಹುವಚನಕ್ಕೆ ಹೋಗಿಬಿಟ್ಟಿದ್ದಳು. ಮೂರನೇ ಚೀಟಿಯ ಕೆಳಗೆ ಚಿಕ್ಕ ರೂಮಿನವಳು ‘ಅಪ್ಪಣೆ ಮೇಡಂ’ ಅಂತ ಬರೆದು ಒಂದು ನಗುಮುಖ ಬಿಡಿಸಿದಳು. ಅವಳು ತಮಾಷೆಗೆ ಬರೆದದ್ದಂತೆ. ಇವಳಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು.

ಆಮೇಲೆ ಒಂದು ರಾತ್ರಿ 11:40ಕ್ಕೆ ಉದ್ದನೆಯ ಮೆಸೇಜ್ ಹೋಯಿತು. ನನಗೂ ತೋರಿಸಿದಳು, ಕಳಿಸಿದ ಮೇಲೆ. ಎಣಿಸಿದೆ, 14 ದೂರು ಇತ್ತು. ತಡವಾದ ಬಾಡಿಗೆ, ತಮ್ಮ, ಟವೆಲ್, ಸಿಂಕ್, ಫೋನ್‌ನಲ್ಲಿ ಜೋರಾಗಿ ಮಾತಾಡುವುದು, ಎಲ್ಲವೂ. ಇಲ್ಲದೇ ಇದ್ದದ್ದು ಒಂದೇ ಮಾತು: ನೀನು ಬೇರೆ ಮನೆ ನೋಡಿಕೋ.

ಚಿಕ್ಕ ರೂಮಿನವಳು ಏನು ಮಾಡಿದಳು? ಹದಿನಾಲ್ಕಕ್ಕೂ ಒಂದೊಂದಾಗಿ ಉತ್ತರ ಕೊಟ್ಟಳು. ನಾಲ್ಕನ್ನು ಒಪ್ಪಿಕೊಂಡಳು, ಮೂರಕ್ಕೆ ಕ್ಷಮೆ ಕೇಳಿದಳು, ಉಳಿದವಕ್ಕೆ ವಾದ ಹೂಡಿದಳು. ಮರುದಿನವೇ ಟವೆಲ್ ಕುರ್ಚಿಯಿಂದ ಹೋಯಿತು. ತಮ್ಮ ನಾಲ್ಕು ದಿನ ಬೇರೆ ಕಡೆ ಇದ್ದು ಬಂದ. ಅವಳ ಪ್ರಕಾರ ವಿಷಯ ಸರಿಹೋಯಿತು.

ಈಗ ದೊಡ್ಡ ರೂಮಿನವಳು ಸಿಕ್ಕಿಬಿದ್ದಳು. ದೂರಿನ ಪಟ್ಟಿ ಕೊಟ್ಟರೆ ಎದುರಿನವರು ಅದನ್ನು ರಿಪೇರಿ ಪಟ್ಟಿ ಅಂತಲೇ ಓದುತ್ತಾರೆ. ಅರ್ಧ ರಿಪೇರಿ ಆದ ಮೇಲೆ ಹೋಗು ಅಂದರೆ, ‘ಹೇಳಿದ್ದೆಲ್ಲ ಮಾಡಿದ್ನಲ್ಲ, ಇನ್ನೇನು?’ ಅನ್ನುವ ಪ್ರಶ್ನೆ ಬರುತ್ತೆ. ನ್ಯಾಯವಾದ ಪ್ರಶ್ನೆಯೇ. ಇನ್ನೂ ಸರಿಮಾಡಿಕೊಳ್ಳುವ ಮನಸ್ಸಿದ್ದರೆ ದೂರು ಹೇಳಬೇಕು. ಆ ಮನಸ್ಸು ಮುಗಿದಿದ್ದರೆ ತೀರ್ಮಾನವನ್ನೇ ಹೇಳಬೇಕು. ಅವಳು ತೀರ್ಮಾನ ಇಟ್ಟುಕೊಂಡು ದೂರು ಹೇಳಿದಳು.

ಆಮೇಲೆ ಇಬ್ಬರೂ ಕೂತು ಮನೆಯ ನಿಯಮ ಅಂತ ಒಂದು ಹಾಳೆ ಬರೆದು ಅಂಟಿಸಿದರು. ಅದು 12 ದಿನ ನಡೆಯಿತು.

ಹದಿಮೂರನೇ ದಿನ ಆದದ್ದನ್ನು ದೊಡ್ಡ ರೂಮಿನವಳು ಈಗಲೂ ನೆನೆದು ಮುಖ ಮುಚ್ಚಿಕೊಳ್ಳುತ್ತಾಳೆ. ಇಂಟರ್ನೆಟ್ ಕನೆಕ್ಷನ್ ಅವಳ ಹೆಸರಿನಲ್ಲಿತ್ತು. ಯಾರಿಗೂ ಹೇಳದೆ ಪಾಸ್‌ವರ್ಡ್ ಬದಲಿಸಿದಳು. ಅವತ್ತು ಹುಡುಗನ ಆನ್‌ಲೈನ್ ಮಾದರಿ ಪರೀಕ್ಷೆ ಇತ್ತು. ಅಲ್ಲಿಯವರೆಗೆ ಅನ್ಯಾಯ ಆದದ್ದು ಇವಳಿಗೆ, ಆ ಸಂಜೆಯಿಂದ ಇಬ್ಬರಿಗೂ. ಮೂರು ತಿಂಗಳು ಸಹಿಸಿಕೊಂಡು ಕೂಡಿಟ್ಟ ಒಳ್ಳೆತನವನ್ನು ಒಂದು ಪಾಸ್‌ವರ್ಡ್‌ಗೆ ಕಳೆದುಕೊಂಡಳು.

ಬೀಗ ಬದಲಿಸುವ ಯೋಚನೆ

ನನಗೆ ಫೋನ್ ಬಂದದ್ದು ಈ ಹಂತದಲ್ಲಿ. ‘ವಾರಾಂತ್ಯಕ್ಕೆ ಅವರಿಬ್ರೂ ಊರಿಗೆ ಹೋಗ್ತಾರೆ. ಬೀಗ ಬದಲಾಯಿಸಿಬಿಡ್ಲಾ?’

ಬೇಡ ಅಂದೆ. ಅಗ್ರಿಮೆಂಟ್ ತೆಗಿ, ಓದೋಣ ಅಂದೆ. ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ, ಬಾಡಿಗೆದಾರರು ಅಂತ ಇತ್ತು. ಜಾಸ್ತಿ ಬಾಡಿಗೆ ಕೊಡುವವಳು, ಮೊದಲು ಮನೆ ನೋಡಿದವಳು ಅನ್ನುವುದೆಲ್ಲ ಆ ಕಾಗದಕ್ಕೆ ಗೊತ್ತಿರಲಿಲ್ಲ.

ಬಾಡಿಗೆ ಕಾನೂನು ಒಂದೊಂದು ಕಡೆ ಒಂದೊಂದು ಥರ. ಆದರೂ ಕೆಲವು ವಿಷಯ ಹೆಚ್ಚಿನ ಕಡೆ ಒಂದೇ. ಇಬ್ಬರೂ ಸಹಿ ಹಾಕಿದ್ದರೆ ಇಬ್ಬರೂ ಸಮ. ಒಬ್ಬ ಬಾಡಿಗೆದಾರ ಇನ್ನೊಬ್ಬರನ್ನು ಹೊರಗೆ ಹಾಕಲಾರ, ಕೇಳಿಕೊಳ್ಳಬಹುದು ಅಷ್ಟೇ. ಹೆಸರು ಒಬ್ಬರದೇ ಇದ್ದು ಇನ್ನೊಬ್ಬರು ಅವರಿಗೆ ದುಡ್ಡು ಕೊಟ್ಟು ಇದ್ದರೆ, ಬರವಣಿಗೆಯಲ್ಲಿ ನೋಟಿಸ್ ಕೊಟ್ಟು ಸಮಯ ಕೊಡಬೇಕಾಗುತ್ತೆ. ಕಾಗದವೇ ಇಲ್ಲದಿದ್ದರೂ ಇಷ್ಟು ತಿಂಗಳು ದುಡ್ಡು ಕೊಟ್ಟು ವಾಸ ಇದ್ದವರಿಗೆ ಅನೇಕ ಕಡೆ ಒಂದಷ್ಟು ರಕ್ಷಣೆ ಇದೆ. ಇನ್ನು ಬೀಗ ಬದಲಿಸುವುದು, ಸಾಮಾನು ಹೊರಗಿಡುವುದು, ಕರೆಂಟು ನೀರು ನಿಲ್ಲಿಸುವುದು: ಇವನ್ನು ಎಷ್ಟೋ ಕಡೆ ಓನರ್ ಕೂಡ ಕೋರ್ಟಿನ ದಾರಿ ಬಿಟ್ಟು ಮಾಡುವ ಹಾಗಿಲ್ಲ.

ಇನ್ನೊಂದು ಸಾಲು ಅವಳಿಗೆ ಹೊಸದು. ಬಾಡಿಗೆಗೆ ಇಬ್ಬರೂ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಹೊಣೆ ಅಂತ ಬರೆದಿತ್ತು. ಅಂದರೆ ಒಬ್ಬಳು ಹೋದರೆ ಓನರ್ ಪೂರ್ತಿ ಬಾಡಿಗೆಯನ್ನು ಉಳಿದವಳ ಹತ್ತಿರವೇ ಕೇಳಬಹುದು. 60-40 ಅನ್ನುವುದು ಇವರಿಬ್ಬರ ಒಳಗಿನ ಮಾತು, ಓನರ್‌ಗೆ ಸಂಬಂಧ ಇಲ್ಲ. ಅವಳು ಹೋಗಬೇಕು ಅಂತ ಇವಳು ಬಯಸಿದ್ದಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಾಗಿದ್ದು ಆಗಲೇ. ಒಂದು ತಿಂಗಳು, ಎರಡು ತಿಂಗಳು ಒಬ್ಬಳೇ ಕಟ್ಟುವ ಶಕ್ತಿ ಇದೆಯಾ ಅಂತ ಕೂತು ಲೆಕ್ಕ ಹಾಕಿದೆವು. ಕಷ್ಟಪಟ್ಟರೆ ಎರಡು ತಿಂಗಳು ಆಗುತ್ತಿತ್ತು.

(ಹೊಡೆಯುವುದು, ಬೆದರಿಸುವುದು ಇದ್ದರೆ ಈ ದಾರಿ ಯಾವುದೂ ಬೇಡ. ಮೊದಲು ಅಲ್ಲಿಂದ ಹೊರಗೆ ಬರಬೇಕು, ನಾಲ್ಕು ಜನಕ್ಕೆ ಹೇಳಬೇಕು, ಪೊಲೀಸರಿಗೆ ತಿಳಿಸಬೇಕು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಅಗ್ರಿಮೆಂಟ್ ಮುಗಿಯೋಕೆ ಒಂದೆರಡು ತಿಂಗಳಷ್ಟೇ ಇದ್ದರೆ ಮುಂದೆ ಜೊತೆಯಲ್ಲಿ ಇರಲ್ಲ ಅಂತ ಹೇಳಿ ಕಾಯುವುದೇ ಸುಲಭ. ಇವರಿಗೆ ಇನ್ನೂ ಹತ್ತು ತಿಂಗಳು ಬಾಕಿ ಇತ್ತು.)

ಓನರ್‌ಗೆ ಫೋನ್

ಒಬ್ಬರು ಬಿಟ್ಟರೆ ಏನು ಮಾಡಬೇಕು ಅಂತ ಓನರ್‌ನ ಕೇಳು, ಅಷ್ಟೇ ಕೇಳು ಅಂದಿದ್ದೆ. ಓನರ್ ನೇರ ಮನುಷ್ಯ. ‘ನನಗೆ ಬಾಡಿಗೆ ಪೂರ್ತಿ ಬಂದ್ರೆ ಸಾಕಮ್ಮ. ಹೋಗೋರು ಹೋಗ್ತೀನಿ ಅಂತ ಬರೆದುಕೊಡಲಿ, ಇರೋರ ಹೆಸರಲ್ಲಿ ಹೊಸ ಅಗ್ರಿಮೆಂಟ್ ಮಾಡೋಣ. ಅಡ್ವಾನ್ಸ್ ನಾನು ಮಧ್ಯದಲ್ಲಿ ಒಡೆದು ಕೊಡಲ್ಲ, ನೀವೇ ನೋಡ್ಕೊಳ್ಳಿ.’

ಕೆಲಸಕ್ಕೆ ಬರುವ ಮಾಹಿತಿ ಅಷ್ಟರಲ್ಲಿ ಸಿಕ್ಕಿತ್ತು. ಆದರೆ ಓನರ್ ‘ಯಾಕೆ, ಏನಾಯ್ತು?’ ಅಂತ ಕೇಳಿದರು. ಇವಳು ತಮ್ಮನ ಕಥೆಯನ್ನೆಲ್ಲ ಹೇಳಿಬಿಟ್ಟಳು. ಓನರ್ ಮುಂದೊಂದು ದಿನ ಮೆಟ್ಟಿಲಲ್ಲಿ ಸಿಕ್ಕ ಹುಡುಗನನ್ನು ‘ನೀನೇನಪ್ಪ ಮೂರನೆಯವನು?’ ಅಂದರಂತೆ. ಇಡೀ ಪ್ರಕರಣದಲ್ಲಿ ತನಗೆ ಜಾಸ್ತಿ ನೋವಾದದ್ದು ಇದೇ ಅಂತ ಚಿಕ್ಕ ರೂಮಿನವಳು ಆಮೇಲೆ ನನ್ನ ಹತ್ತಿರ ಹೇಳಿದಳು. ಹೋಗು ಅಂದದ್ದಕ್ಕಿಂತ ಇದು. ನಿಯಮ ಏನು ಅಂತ ಕೇಳಿದರೆ ಯಾರೂ ತಪ್ಪು ಅನ್ನಲ್ಲ. ಬೆನ್ನ ಹಿಂದೆ ದೂರು ಹೇಳುವುದು ಬೇರೆಯೇ. ಎರಡರ ನಡುವಿನ ಗೆರೆ ‘ಯಾಕೆ’ ಅನ್ನುವ ಒಂದು ಪ್ರಶ್ನೆಗೆ ಅಳಿಸಿಹೋಗುತ್ತೆ.

ಶನಿವಾರ ಬೆಳಗ್ಗೆ

ಯಾವಾಗ ಹೇಳುವುದು ಅಂತಲೇ ಎರಡು ದಿನ ಮಾತಾಡಿದೆವು. ಬಾಡಿಗೆ ಕೇಳುವ ದಿನ ಬೇಡ. ರಾತ್ರಿ ಬೇಡ. ಹುಡುಗ ಮನೆಯಲ್ಲಿ ಇರಬಾರದು, ತಮ್ಮನ ಎದುರು ಅಕ್ಕನಿಗೆ ಇಂಥ ಮಾತು ಹೇಳುವುದು ಕ್ರೂರ. ಮೆಸೇಜ್‌ನಲ್ಲಿ ಖಂಡಿತ ಬೇಡ. ಶನಿವಾರ ಬೆಳಗ್ಗೆ ಅವನು ಗ್ರಂಥಾಲಯಕ್ಕೆ ಹೋಗುತ್ತಿದ್ದ. ಹಿಂದಿನ ದಿನವೇ ‘ನಾಳೆ ಹತ್ತಕ್ಕೆ ಮನೆ ವಿಷಯ ಸ್ವಲ್ಪ ಮಾತಾಡೋದಿದೆ’ ಅಂತ ಹೇಳಿಡು ಅಂದೆ.

ಮೊದಲ ವಾಕ್ಯ ಏನಿರಬೇಕು ಅಂತ ಬರೆದುಕೊಂಡು ಬಂದಿದ್ದಳು: ‘ನಿಂಗೂ ಇಲ್ಲಿ ಕಷ್ಟ ಆಗ್ತಿದೆ ಅನ್ಸುತ್ತೆ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ…’ ಅದನ್ನು ಹೊಡೆದುಹಾಕಿದೆ. ಕಷ್ಟ ಆಗುತ್ತಿರುವುದು ನಿನಗೆ, ಅದನ್ನು ಅವಳ ಬಾಯಿಗೆ ಯಾಕೆ ಹಾಕುತ್ತೀಯ? ಕೊನೆಗೆ ಉಳಿದದ್ದು ಇಷ್ಟು: ‘ನಾವಿಬ್ರೂ ಒಂದೇ ಮನೇಲಿ ಇರೋದು ನಂಗೆ ಇನ್ನು ಆಗಲ್ಲ. ನೀನು ಬೇರೆ ಮನೆ ನೋಡ್ಕೋ ಅಂತ ಕೇಳ್ತಿದೀನಿ. ಅವಸರ ಇಲ್ಲ, ಎರಡು ತಿಂಗಳು ತಗೋ.’

ಕಾರಣ ಕೇಳಿದರೆ ಒಂದೇ ಹೇಳು, ಹದಿನಾಲ್ಕು ಬೇಡ ಅಂದೆ. ಪಾಸ್‌ವರ್ಡ್ ವಿಷಯಕ್ಕೆ ಮೊದಲೇ ಕ್ಷಮೆ ಕೇಳಿಬಿಡು ಅಂತಲೂ ಹೇಳಿದೆ. ಚಿಕ್ಕ ರೂಮಿನವಳೂ ಒಪ್ಪಿದ್ದರಿಂದ ನಾನೂ ಹೋಗಿ ಕೂತೆ.

ಕ್ಷಮೆ ಕೇಳಿದಳು, ಆಮೇಲೆ ಬರೆದುಕೊಂಡದ್ದನ್ನು ತಡವರಿಸದೆ ಹೇಳಿದಳು. ಚಿಕ್ಕ ರೂಮಿನವಳು ಅಳಲಿಲ್ಲ, ಕೂಗಾಡಲಿಲ್ಲ. ಸೋಫಾದ ಮೇಲೆ ಮಡಚಿಟ್ಟಿದ್ದ ತಮ್ಮನ ಹೊದಿಕೆಯನ್ನು ಸುಮ್ನೆ ಇನ್ನೊಂದು ಸಲ ಮಡಚಿದಳು. ಆಮೇಲೆ ಕೇಳಿದಳು: ‘ಸರಿ. ನಾನೇ ಯಾಕೆ ಹೋಗ್ಬೇಕು? ನೀನು ಯಾಕೆ ಹೋಗ್ಬಾರ್ದು?’

ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ. ಅಗ್ರಿಮೆಂಟ್ ಓದಿದ್ದು ನಾನೇ, ಇಬ್ಬರೂ ಸಮ ಅಂತ ಹೇಳಿದ್ದು ನಾನೇ. ಆದರೂ ಈ ಪ್ರಶ್ನೆ ಬರುತ್ತೆ ಅಂತ ಹೊಳೆದಿರಲಿಲ್ಲ. ದೊಡ್ಡ ರೂಮಿನವಳು ಸುಮಾರು ಹೊತ್ತು ಸುಮ್ಮನಿದ್ದಳು. ‘ಜಾಸ್ತಿ ಬಾಡಿಗೆ ನಾನು ಕೊಡ್ತೀನಿ’ ಅಂತ ಶುರು ಮಾಡುತ್ತಾಳೆ, ಎಲ್ಲ ಕೆಡುತ್ತೆ ಅಂತ ಕಾಯುತ್ತಿದ್ದೆ. ಅವಳು ಅಂದದ್ದು ಬೇರೆ: ‘ಅದೂ ಆಗ್ಬಹುದು. ಪೂರ್ತಿ ಬಾಡಿಗೆ ನೀನು ಕಟ್ಕೊಂಡು ಹೋಗೋ ಹಾಗಿದ್ರೆ ನಾನೇ ಹೋಗ್ತೀನಿ. ಯೋಚನೆ ಮಾಡಿ ಹೇಳು.’

ಸುಮ್ಮನೆ ಬಾಯಿಮಾತಿಗೆ ಅಂದದ್ದಲ್ಲ ಅಂತ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ನನ್ನ ಮಟ್ಟಿಗೆ ಇಡೀ ಪ್ರಕರಣ ತಿರುಗಿದ್ದು ಈ ಒಂದು ಮಾತಿಗೆ. ಅಲ್ಲಿಯವರೆಗೆ ಒಬ್ಬಳು ಹೊರಗೆ ಹಾಕುವವಳು, ಇನ್ನೊಬ್ಬಳು ಹಾಕಿಸಿಕೊಳ್ಳುವವಳು. ಈಗ ಇಬ್ಬರ ಮುಂದೆಯೂ ಒಂದೇ ಲೆಕ್ಕ ಇತ್ತು: ಈ ಮನೆಯನ್ನು ಯಾರು ನಡೆಸಿಕೊಂಡು ಹೋಗಬಲ್ಲರು?

ಮೂರು ದಿನ ಬಿಟ್ಟು ಚಿಕ್ಕ ರೂಮಿನವಳು ಉತ್ತರ ತಂದಳು. ಪೂರ್ತಿ ಬಾಡಿಗೆ ತನಗೆ ಆಗಲ್ಲ, ತಾನೇ ಹೋಗುತ್ತೇನೆ. ಆದರೆ ಅಡ್ವಾನ್ಸ್‌ನ ತನ್ನ ಪಾಲು ಮನೆ ಬಿಡುವ ದಿನವೇ ಕೈಗೆ ಬರಬೇಕು, ಹೊಸಬರು ಸಿಕ್ಕ ಮೇಲೆ ಅನ್ನಬಾರದು. ತಮ್ಮನ ಪರೀಕ್ಷೆ ಐದು ವಾರದಲ್ಲಿದೆ, ಅಲ್ಲಿಯವರೆಗೆ ಅವನ ಸುದ್ದಿಗೆ ಹೋಗಬಾರದು. ಆಗ ಇನ್ನೊಂದು ಮಾತೂ ಹೊರಬಂತು. ಅವಳು ಎರಡು ತಿಂಗಳ ಹಿಂದೆಯೇ ಒಂದೆರಡು ಮನೆ ನೋಡಿ ಬಂದಿದ್ದಳಂತೆ. ಹೊಸ ಮನೆಗೆ ಅಡ್ವಾನ್ಸ್ ಕೊಡಬೇಕೆಂದರೆ ಇಲ್ಲಿಯದು ಸಿಗಬೇಕು. ಅದನ್ನು ಕೇಳೋದು ಹೇಗೆ ಅಂತ ಸುಮ್ಮನಾಗಿದ್ದಳು.

ಒಂದು ಹಾಳೆ

ಬಾಯಿಮಾತಲ್ಲೇ ಬಿಡೋಣ ಅಂತ ಇಬ್ಬರೂ ಅಂದರು. ನಾನು ಬಿಡಲಿಲ್ಲ. ಒಂದೇ ಹಾಳೆ, ಇಬ್ಬರ ಸಹಿ. ಬಿಡುವ ದಿನ: ಅವತ್ತಿಗೆ 60ನೇ ದಿನ. ತಡವಾದರೆ ದಿನದ ಲೆಕ್ಕದಲ್ಲಿ ಬಾಡಿಗೆ. ಕರೆಂಟು ಬಿಲ್ ಬಿಡುವ ದಿನದ ಮೀಟರ್ ರೀಡಿಂಗ್‌ವರೆಗೆ, ಅಲ್ಲಿಯವರೆಗೆ ಮೂರು ಭಾಗ. ಓನರ್‌ಗೆ ಕೊಡುವ ಪತ್ರ. ಬೀಗದ ಕೈ ಎರಡು.

ಅಡ್ವಾನ್ಸ್‌ನಲ್ಲಿ ಏನು ಹಿಡಿದುಕೊಳ್ಳುವುದು ಅಂತ ಒಂದು ಗಂಟೆ ಹೋಯಿತು. ಗೋಡೆ ಬಣ್ಣ ಮಾಸಿದ್ದು ಯಾರು ಇದ್ದರೂ ಆಗುವುದು, ಅದಕ್ಕೆ ದುಡ್ಡು ಕೇಳುವ ಹಾಗಿಲ್ಲ. ಮುರಿದ ಕಿಟಕಿ ಚಿಲಕ ಬೇರೆ. ಅದನ್ನು ಚಿಕ್ಕ ರೂಮಿನವಳು ತಾನೇ ಹಾಕಿಸಿಕೊಡುತ್ತೇನೆ ಅಂದಳು, ಹಾಕಿಸಿದಳು ಕೂಡ.

ವಾಷಿಂಗ್ ಮೆಷಿನ್‌ಗೆ ಬಂದಾಗ ಮತ್ತೆ ಬಿಸಿಯಾಯಿತು. ಕೊಂಡ ಬೆಲೆಯಲ್ಲಿ ಅರ್ಧ ಅಂತ ಒಬ್ಬಳು, ಹಳೇದಾಯ್ತಲ್ಲ ಅಂತ ಇನ್ನೊಬ್ಬಳು. ಇಲ್ಲಿ ಹಳೆಯ ಉಪಾಯವೊಂದು ಕೆಲಸ ಮಾಡಿತು. ಒಬ್ಬರು ಅರ್ಧ ಪಾಲಿಗೆ ಇವತ್ತಿನ ಬೆಲೆ ಹೇಳಬೇಕು. ಆ ಬೆಲೆಗೆ ಎದುರಿನವರ ಪಾಲು ಕೊಳ್ಳುವುದೋ ತಮ್ಮ ಪಾಲು ಕೊಡುವುದೋ ಅಂತ ಆರಿಸುವುದು ಇನ್ನೊಬ್ಬರು. ಬೆಲೆ ಹೇಳುವವರು ಜಾಸ್ತಿ ಹೇಳಿದರೆ ತಾವೇ ಕೊಳ್ಳಬೇಕಾದೀತು, ಕಡಿಮೆ ಹೇಳಿದರೆ ಕಳೆದುಕೊಂಡಾರು. ಹಾಗಾಗಿ ನ್ಯಾಯವಾದ ಬೆಲೆಯೇ ಬರುತ್ತೆ. ಚಿಕ್ಕ ರೂಮಿನವಳು ಬೆಲೆ ಹೇಳಿದಳು, ದೊಡ್ಡ ರೂಮಿನವಳು ಇಟ್ಟುಕೊಂಡಳು. ಎರಡು ನಿಮಿಷದ ಕೆಲಸ.

ಹೋದ ದಿನ, ಆಮೇಲೆ

60ನೇ ದಿನಕ್ಕೆ ಹೊರಡಲಿಲ್ಲ. ಹೊಸ ಮನೆಯ ಬಣ್ಣ ಮುಗಿದಿರಲಿಲ್ಲವಂತೆ. ಆರು ದಿನ ತಡ. ಹಾಳೆಯಲ್ಲಿ ದಿನದ ಲೆಕ್ಕ ಇತ್ತಲ್ಲ, ಜಗಳ ಆಗಲಿಲ್ಲ. ಆರು ದಿನದ ದುಡ್ಡು ಹಿಡಿದುಕೊಂಡು ಮಿಕ್ಕ ಅಡ್ವಾನ್ಸ್ ಅವತ್ತೇ ಕೊಟ್ಟಳು. ಮೀಟರ್‌ನ ಫೋಟೋ ಇಬ್ಬರೂ ತೆಗೆದುಕೊಂಡರು.

ಎರಡು ಬೀಗದ ಕೈ ಮೇಜಿನ ಮೇಲೆ ಬಂತು. ಆಮೇಲೆ ಹುಡುಗ ತನ್ನ ಜೇಬಿನಿಂದ ಮೂರನೆಯದನ್ನು ತೆಗೆದು ಪಕ್ಕದಲ್ಲಿಟ್ಟ. ಡೂಪ್ಲಿಕೇಟ್ ಮಾಡಿಸಿಕೊಂಡಿದ್ದ, ಯಾರಿಗೂ ಗೊತ್ತಿರಲಿಲ್ಲ. ಸುಮ್ಮನೆ ಇಟ್ಟುಕೊಂಡು ಹೋಗಬಹುದಿತ್ತು. ‘ಥ್ಯಾಂಕ್ಸ್ ಅಕ್ಕಾ’ ಅಂತಲೂ ಅಂದ. ಅವನು ಮನೆಯಲ್ಲಿದ್ದಷ್ಟು ದಿನವೂ ಅವನ ಜೊತೆ ನೇರವಾಗಿ ನಾಲ್ಕು ಮಾತು ಆಡಿರಲಿಲ್ಲ ಅಂತ ದೊಡ್ಡ ರೂಮಿನವಳಿಗೆ ಹೊಳೆದದ್ದು ಆಗ.

ಹೊಸ ರೂಮ್‌ಮೇಟ್ ಸಿಗಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಪೂರ್ತಿ ಬಾಡಿಗೆ ಒಬ್ಬಳೇ ಕಟ್ಟಿದಳು. ಅಡ್ವಾನ್ಸ್ ಬೇರೆ ಕೈಯಿಂದ ಕೊಟ್ಟಿದ್ದಳು. ಸುಲಭ ಇರಲಿಲ್ಲ. ಗೆಳೆತನ ಉಳಿಯಿತಾ ಅಂತ ಕೇಳಿದರೆ, ಇಲ್ಲ. ಎದುರು ಸಿಕ್ಕರೆ ಮಾತಾಡುತ್ತಾರೆ, ಹಳೆಯ ವಿಳಾಸಕ್ಕೆ ಬಂದ ಪಾರ್ಸೆಲ್ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ಹೊಸಬಳು ಬರುವ ಮೊದಲು ದೊಡ್ಡ ರೂಮಿನವಳು ಒಂದು ಹಾಳೆ ಬರೆದಿಟ್ಟಳು. ಬಾಡಿಗೆ ಪಾಲು ಯಾವ ತಾರೀಕಿಗೆ, ಬಂದವರು ಎಷ್ಟು ದಿನ ಇರಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಬಿಲ್ ಹೇಗೆ ಹಂಚುವುದು, ಒಟ್ಟಿಗೆ ಇರಲು ಆಗದಿದ್ದರೆ ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸ್ ಯಾವತ್ತು ವಾಪಸ್. ಹೊಸಬಳು ನಿಧಾನಕ್ಕೆ ಓದಿದಳು. ‘ಹೊಂದಿಕೆ ಆಗದಿದ್ದರೆ 60 ದಿನದಲ್ಲಿ ಮನೆ ಬಿಡುವುದು’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: ‘ಯಾರು ಬಿಡೋದು ಅಂತ ಬರೆದಿಲ್ವಲ್ಲಾ ಅಕ್ಕಾ?’

ದೊಡ್ಡ ರೂಮಿನವಳು ಪೆನ್ನು ತೆಗೆದುಕೊಂಡು ಆ ಸಾಲಿನ ಮೇಲೆ ಸೇರಿಸಿದಳು: ‘ಇಬ್ಬರಲ್ಲಿ ಯಾರಾದರೂ. ಯಾರು ಅನ್ನೋದನ್ನ ಕೂತು ಮಾತಾಡುವುದು.’